ಜೇಬಿನೊಳಗಿನ ಕಚೇರಿ: ಮೊದಲ ವಾರದಲ್ಲೇ ಕಲಿಯಬೇಕಾದ ಆರೋಗ್ಯ ಪಾಠ

“ಡಾಕ್ಟ್ರೇ, ಇವಳಿಗೆ ರಕ್ತ ಕಮ್ಮಿ ಆಗಿದೆಯೇನೋ ನೋಡಿ. ರಾತ್ರಿ ಸರಿಯಾಗಿ ನಿದ್ದೆ ಮಾಡಲ್ಲ. ಬೆಳಿಗ್ಗೆ ಎದ್ದರೆ ತಲೆನೋವು ಅಂತಾಳೆ. ಊಟ ಸೇರಲ್ಲ. ಕೆಲಸ ಸಿಕ್ಕಿ ಇನ್ನೂ ಮೂರು ತಿಂಗಳಾಗಿಲ್ಲ, ಹೆಂಗಾಗಿದಾಳೆ ನೋಡಿ.”

ತುರುವೇಕೆರೆ ಕಡೆಯ ತೋಟದ ಮನೆಯೊಂದರಿಂದ ತಾಯಿಯೊಬ್ಬರು ತಮ್ಮ ಇಪ್ಪತ್ಮೂರು ವರ್ಷದ ಮಗಳನ್ನು ಕರೆತಂದಿದ್ದರು. ಮಗಳಿಗೆ ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ ದುಡಿಮೆ. ಪರೀಕ್ಷೆ ಮಾಡಿದೆ. ರಕ್ತದೊತ್ತಡ, ಹಿಮೋಗ್ಲೋಬಿನ್, ಥೈರಾಯಿಡ್, ಸಕ್ಕರೆ ಎಲ್ಲವೂ ಸರಿಯಾಗಿಯೇ ಇದ್ದವು. ನಾಡಿ ಮಾತ್ರ ಸ್ವಲ್ಪ ವೇಗವಾಗಿತ್ತು.

ನಾವು ಮಾತನಾಡಿದ ಹತ್ತು ನಿಮಿಷಗಳಲ್ಲಿ ಆಕೆಯ ಕೈಯಲ್ಲಿದ್ದ ಫೋನು ಏಳು ಸಲ ‘ಟಿಣ್’ ಎಂದಿತು. ಪ್ರತಿ ಸಲವೂ ಆಕೆಯ ಭುಜಗಳು ಬಿಗಿದುಕೊಂಡವು, ಕಣ್ಣು ಫೋನಿನತ್ತ ಓಡಿತು, ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಂತಿತು. “ಆಫೀಸಿನ ಚಾಟ್ ಸಾರ್. ನೋಡದೇ ಇದ್ದರೆ ಏನೋ ತಪ್ಪಾಗಿಬಿಡುತ್ತೆ ಅನ್ನಿಸುತ್ತೆ” ಎಂದಳು. ರಾತ್ರಿ ಫೋನು ಎಲ್ಲಿರುತ್ತದೆ ಎಂದು ಕೇಳಿದೆ. ದಿಂಬಿನ ಕೆಳಗೆ ಎಂದು ತಾಯಿಯೇ ಉತ್ತರ ಕೊಟ್ಟರು.

ಕಾಯಿಲೆಯ ಬೇರು ಸಿಕ್ಕಿತು. ಇದು ರಕ್ತಹೀನತೆಯಲ್ಲ. ಹೊಸ ಸಲಕರಣೆಯನ್ನು ಹೇಗೆ ಬಳಸಬೇಕೆಂದು ಯಾರೂ ಹೇಳಿಕೊಡದೆ ಕೈಗಿತ್ತದ್ದರ ಫಲ.

ಏನಿದು ಕಚೇರಿಯ ಚಾಟ್ ಆ್ಯಪ್?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿನಲ್ಲಿ ದುಡಿಯುತ್ತಿದ್ದ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಎಷ್ಟೋ ಯುವಕ ಯುವತಿಯರು ಲ್ಯಾಪ್‌ಟಾಪ್ ಹಿಡಿದು ತೋಟದ ಮನೆಗಳಿಗೆ ಬಂದರು. ಅವರ ಜೊತೆ ಕಚೇರಿಯೂ ಬಂತು. ಆ ಕಚೇರಿ ಇರುವುದು ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಚಾಟ್, ಚೆನ್ನೈನ ಜೋಹೋ ಸಂಸ್ಥೆಯ ಕ್ಲಿಕ್ ಮೊದಲಾದ ಆ್ಯಪ್‌ಗಳಲ್ಲಿ. ಸ್ಲ್ಯಾಕ್ 2014ರಲ್ಲಿ, ಟೀಮ್ಸ್ 2017ರಲ್ಲಿ ಎಲ್ಲರ ಬಳಕೆಗೆ ಬಂದವು.

ಇವನ್ನು ಅರಿಯಲು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ನೆನೆದರೆ ಸಾಕು. ಯಾರ್ಡಿನೊಳಗೆ ಪ್ರತಿ ಮಂಡಿಗೂ ಬೇರೆ ಬಾಗಿಲು. ಹಾಗೆಯೇ ಆ್ಯಪ್‌ನಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ‘ಚಾನೆಲ್’. ಎಲ್ಲರಿಗೂ ಕೇಳುವಂತೆ ಚಾನೆಲ್‌ನಲ್ಲಿ ಮಾತನಾಡಬಹುದು. ಒಬ್ಬರನ್ನೇ ಪಕ್ಕಕ್ಕೆ ಕರೆದು ‘ಡೈರೆಕ್ಟ್ ಮೆಸೇಜ್’ನಲ್ಲಿ ಹೇಳಬಹುದು. ಗುಂಪಿನ ನಡುವೆ ಹೆಸರಿಟ್ಟು ಕೂಗಿದರೆ ಅದು ‘ಮೆನ್ಷನ್’. ಒಂದು ಮಾತಿಗೆ ಅದರ ಕೆಳಗೇ ಉತ್ತರ ಪೋಣಿಸುತ್ತ ಹೋದರೆ ಅದು ‘ಥ್ರೆಡ್’. ಇಷ್ಟು ತಿಳಿದರೆ ಅರ್ಧ ಕಲಿತಂತೆ.

ಮಾರುಕಟ್ಟೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಮಾರುಕಟ್ಟೆ ಸಂಜೆಗೆ ಬಾಗಿಲು ಹಾಕುತ್ತದೆ. ಈ ಆ್ಯಪ್ ತಾನಾಗಿ ಬಾಗಿಲು ಹಾಕುವುದಿಲ್ಲ. ನಾವೇ ಹಾಕಬೇಕು. ಹಾಕುವುದು ಹೇಗೆಂದು ಮೊದಲ ವಾರದಲ್ಲೇ ಕಲಿಯಬೇಕು.

ಗಂಟೆ ಬಾರಿಸಿದಾಗ ದೇಹದಲ್ಲಿ ಏನಾಗುತ್ತದೆ?

ಹಠಾತ್ತಾಗಿ ಸದ್ದು ಕೇಳಿದರೆ ಮೆದುಳು ಅದನ್ನು ಅಪಾಯದ ಸೂಚನೆಯೆಂದು ಭಾವಿಸುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಮೇಲ್ಮೇಲೆ ಆಡುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ತೋಟದಲ್ಲಿ ಹಾವು ಕಂಡಾಗ ಓಡಲು ಇದು ಬೇಕು. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ, ಹಾನಿಯಿಲ್ಲ.

ಆದರೆ ದಿನಕ್ಕೆ ನೂರು ಸಲ ಸಣ್ಣ ಸಣ್ಣ ಗಾಬರಿಯಾದರೆ? ದೇಹ ಸಡಿಲವಾಗಲು ಸಮಯವೇ ಸಿಗುವುದಿಲ್ಲ. ಕತ್ತು ಮತ್ತು ಭುಜದ ಬಿಗಿತದಿಂದ ತಲೆನೋವು, ಹಸಿವಿಲ್ಲದಿರುವುದು, ಹೊಟ್ಟೆಯುರಿ, ಸಿಡುಕು, ಮರೆವು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಗಂಟೆ ಬಾರಿಸದಿದ್ದರೂ ಈಗ ಬಾರಿಸಬಹುದೆಂಬ ನಿರೀಕ್ಷೆಯೇ ದೇಹವನ್ನು ಎಚ್ಚರವಾಗಿಡುತ್ತದೆ. ಫೋನು ಅಲುಗದಿದ್ದರೂ ಅಲುಗಿದಂತೆ ಅನ್ನಿಸುವುದು ಇದರಿಂದಲೇ.

ನಿದ್ದೆಗೆ ಆಗುವ ತೊಂದರೆ ಎರಡು ಬಗೆಯದು. ಕತ್ತಲಾದಂತೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ರಸ ಸ್ರವಿಸಿ ನಿದ್ದೆಗೆ ಸಿದ್ಧಗೊಳಿಸುತ್ತದೆ. ಕಣ್ಣಿಗೆ ಹತ್ತಿರ ಹಿಡಿದ ಪರದೆಯ ಬೆಳಕು ಅದನ್ನು ತಡೆಯುತ್ತದೆ. ಅದಕ್ಕಿಂತ ದೊಡ್ಡದು ಮನಸ್ಸಿನ ತೊಂದರೆ. ಮಲಗುವ ಮುನ್ನ ಓದಿದ ಒಂದು ಸಾಲಿನ ಸಂದೇಶ ಗಂಟೆಗಟ್ಟಲೆ ತಲೆಯಲ್ಲಿ ತಿರುಗುತ್ತದೆ.

ಕಣ್ಣುಗಳ ಮಾತೂ ಇದೆ. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಕಣ್ಣೀರಿನ ತೆಳುಪದರ ಒಣಗಿ ಉರಿ, ಮಂಜು ಬರುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ತೋಟದ ಮನೆಯವರಿಗೆ ಇದು ಸುಲಭ. ಕಿಟಕಿಯಾಚೆಯ ತೆಂಗಿನ ಸುಳಿಯನ್ನು ನೋಡಿದರಾಯಿತು.

ಅತಿ ದೀರ್ಘ ದುಡಿಮೆ ಬರೀ ಆಯಾಸದ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಊಟದ ಹೊತ್ತಿನಲ್ಲಿ, ಹಾಸಿಗೆಯಲ್ಲಿ, ಭಾನುವಾರ ಕೊಟ್ಟ ಉತ್ತರಗಳನ್ನೂ ದುಡಿಮೆಯ ಲೆಕ್ಕಕ್ಕೆ ಸೇರಿಸಿ ನೋಡಿ. ನಿಮ್ಮ ವಾರ ಎಷ್ಟು ಗಂಟೆಯದೆಂದು ತಿಳಿಯುತ್ತದೆ.

ಐಟಿಯವರ ಕಷ್ಟ ಮಾತ್ರವಲ್ಲ

“ಇದೆಲ್ಲ ಬೆಂಗಳೂರಿನವರ ರೋಗ” ಎಂದು ತಳ್ಳಿಹಾಕಬೇಡಿ. ಆಶಾ ಕಾರ್ಯಕರ್ತೆಯರ ಗುಂಪು, ಅಂಗನವಾಡಿ ಗುಂಪು, ಶಾಲಾ ಶಿಕ್ಷಕರ ಗುಂಪು, ಬ್ಯಾಂಕ್ ಶಾಖೆಯ ಗುಂಪು, ಕೊಬ್ಬರಿ ವರ್ತಕರ ಗುಂಪು, ತೆಂಗು ಬೆಳೆಗಾರರ ಗುಂಪು ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿವೆ. ಅಂಗನವಾಡಿ ಕಾರ್ಯಕರ್ತೆಗೆ 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನ ಕೆಲಸವೂ ಸೇರಿದೆ. ಇವರ ಕಷ್ಟ ಒಂದು ರೀತಿಯಲ್ಲಿ ಹೆಚ್ಚಿನದು. ಮೇಲಧಿಕಾರಿಯ ಆದೇಶ, ತಂಗಿಯ ಮಗುವಿನ ಫೋಟೋ, ಯಾರೋ ಕಳಿಸಿದ ‘ಶುಭೋದಯ’ದ ಹೂವು ಎಲ್ಲವೂ ಒಂದೇ ಗಂಟೆಯಲ್ಲಿ ಬಾರಿಸುತ್ತವೆ. ಯಾವುದು ಕೆಲಸ, ಯಾವುದು ಮನೆ ಎಂದು ಕಿವಿಗೆ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಟಿಣ್‌ಗೂ ದೇಹ ಗಾಬರಿಯಾಗುತ್ತದೆ.

ಮೊದಲ ವಾರದಲ್ಲಿ ಏನು ಮಾಡಬೇಕು?

ಹೊಸ ಕೆಲಸಕ್ಕೆ ಸೇರಿದವರು, ಹೊಸ ಆ್ಯಪ್ ಹಾಕಿಕೊಂಡವರು ಈ ಎಂಟು ಅಂಶಗಳನ್ನು ಕ್ರಮವಾಗಿ ಪಾಲಿಸಿರಿ.

1. ಕೆಲಸಕ್ಕೂ ಮನೆಗೂ ಬೇರೆ ಬಾಗಿಲಿರಲಿ. ಕಚೇರಿ ಆ್ಯಪ್ ಕೊಟ್ಟಿದ್ದರೆ ಕೆಲಸದ ಮಾತನ್ನು ಅದರಲ್ಲೇ ಆಡಿರಿ, ವಾಟ್ಸ್‌ಆ್ಯಪ್‌ಗೆ ಎಳೆಯಬೇಡಿ. ವಾಟ್ಸ್‌ಆ್ಯಪ್ಪೇ ಗತಿಯಾದವರು ಕೆಲಸದ ಗುಂಪಿಗೆ ಬೇರೆ ಸದ್ದನ್ನು ಆರಿಸಿಡಿ.

2. ಕೆಲಸದ ವೇಳೆಯನ್ನು ಆ್ಯಪ್‌ಗೆ ತಿಳಿಸಿ. ಸ್ಲ್ಯಾಕ್‌ನಲ್ಲಿ ನೋಟಿಫಿಕೇಷನ್ ವೇಳಾಪಟ್ಟಿಯನ್ನೂ, ಟೀಮ್ಸ್‌ನ ಮೊಬೈಲ್ ಆ್ಯಪ್‌ನಲ್ಲಿ ಮೌನದ ವೇಳೆಯನ್ನೂ ಗೊತ್ತುಮಾಡಬಹುದು. ಬೆಳಿಗ್ಗೆ 9ರಿಂದ ಸಂಜೆ 6 ಎಂದು ಹಾಕಿದರೆ ಉಳಿದ ಹೊತ್ತಿನಲ್ಲಿ ಸಂದೇಶ ಬಂದು ಕೂತಿರುತ್ತದೆ, ಗಂಟೆ ಬಾರಿಸುವುದಿಲ್ಲ. ಏನೂ ಕಳೆದುಹೋಗುವುದಿಲ್ಲ.

3. ಎಲ್ಲ ಚಾನೆಲ್‌ಗೂ ಗಂಟೆ ಬೇಡ. ನಿಮಗೇ ಬರೆದದ್ದು ಮತ್ತು ನಿಮ್ಮ ಹೆಸರು ಕೂಗಿದ್ದು ಮಾತ್ರ ಸದ್ದು ಮಾಡಲಿ. ಉಳಿದ ಚಾನೆಲ್‌ಗಳನ್ನು ‘ಮ್ಯೂಟ್’ ಮಾಡಿ, ದಿನಕ್ಕೆ ಮೂರು ನಾಲ್ಕು ಸಲ ನೀವಾಗಿ ಹೋಗಿ ನೋಡಿ.

4. ‘ಸ್ಟೇಟಸ್’ ಬರೆಯಿರಿ. “ಊಟಕ್ಕೆ ಹೋಗಿದ್ದೇನೆ, 2 ಗಂಟೆಗೆ ಸಿಗುತ್ತೇನೆ”, “ಕರೆಂಟ್ ಇಲ್ಲ, 4ರ ನಂತರ ಉತ್ತರಿಸುತ್ತೇನೆ” ಎಂದು ಒಂದು ಸಾಲು ಹಾಕಿದರೆ ಹತ್ತು ವಿಚಾರಣೆ ತಪ್ಪುತ್ತದೆ. ಹಳ್ಳಿಯಿಂದ ದುಡಿಯುವವರಿಗೆ ಇದು ಅತ್ಯಗತ್ಯ. ನೆಟ್‌ವರ್ಕ್ ಹೋಯಿತೆಂದು ಎದೆ ಹೊಡೆದುಕೊಳ್ಳುವುದು ತಪ್ಪುತ್ತದೆ.

5. ಒಂದೇ ಸಲಕ್ಕೆ ಪೂರ್ತಿ ಹೇಳಿ. “ಹಾಯ್” ಎಂದು ಬರೆದು ಸುಮ್ಮನಾದರೆ ಎದುರಿನವರಿಗೆ ಆತಂಕ. ಏನು ಬೇಕು, ಯಾವಾಗ ಬೇಕು ಎಂಬುದನ್ನು ಮೊದಲ ಸಂದೇಶದಲ್ಲೇ ಬರೆಯಿರಿ. “ನಾಳೆ ಬೆಳಿಗ್ಗೆ ಆದರೆ ಸಾಕು” ಎಂಬ ನಾಲ್ಕು ಪದ ಇನ್ನೊಬ್ಬರ ರಾತ್ರಿಯ ನಿದ್ದೆಯನ್ನು ಉಳಿಸುತ್ತದೆ.

6. ರಾತ್ರಿ ನೆನಪಾದದ್ದನ್ನು ರಾತ್ರಿಯೇ ಕಳಿಸಬೇಡಿ. ಸಂದೇಶವನ್ನು ಈಗ ಬರೆದು ಬೆಳಿಗ್ಗೆ 9ಕ್ಕೆ ತಾನಾಗಿ ಹೋಗುವಂತೆ ಮಾಡುವ ‘ಶೆಡ್ಯೂಲ್’ ಸೌಲಭ್ಯ ಸ್ಲ್ಯಾಕ್, ಟೀಮ್ಸ್ ಎರಡರಲ್ಲೂ ಇದೆ.

7. ಮೊದಲ ವಾರದಲ್ಲೇ ಮೇಲಿನವರನ್ನು ಕೇಳಿ. “ಸಂಜೆ 6ರ ನಂತರ ಬಂದ ಸಂದೇಶಕ್ಕೆ ಆಗಲೇ ಉತ್ತರಿಸಬೇಕೋ, ಬೆಳಿಗ್ಗೆ ಸಾಕೋ? ತುರ್ತಿದ್ದರೆ ಕರೆ ಮಾಡುತ್ತೀರಾ?” ಇದು ಸೋಮಾರಿತನದ ಪ್ರಶ್ನೆಯಲ್ಲ. ತಿಳಿದು ಕೆಲಸ ಮಾಡುವವರ ಪ್ರಶ್ನೆ. ಕೇಳದೆ ಊಹಿಸುವುದರಿಂದಲೇ ಹೆಚ್ಚಿನ ಭಯ.

8. ಫೋನಿಗೆ ಮಲಗುವ ಜಾಗ ಬೇರೆ ಇರಲಿ. ಚಾರ್ಜರನ್ನು ಪಡಸಾಲೆಯಲ್ಲಿ ಇಡಿ. ಬೆಳಿಗ್ಗೆ ಏಳಲು ಅಲಾರಂ ಗಡಿಯಾರ ಸಾಕು. ಮನೆಯವರ ಕರೆ ತಪ್ಪೀತೆಂಬ ಭಯವಿದ್ದರೆ ‘ಡು ನಾಟ್ ಡಿಸ್ಟರ್ಬ್’ ಹಾಕಿಯೂ ಆಯ್ದ ಕೆಲವರ ಕರೆ ಮಾತ್ರ ರಿಂಗ್ ಆಗುವಂತೆ ಮಾಡಬಹುದು.

ನಮ್ಮ ಸೀಮೆಯವರಿಗೆ ಉಂಡೆ ಕೊಬ್ಬರಿಯ ಪಾಠ ಹೊಸದಲ್ಲ. ಅಟ್ಟದ ಮೇಲೆ ಹಾಕಿದ ಕಾಯಿ ಒಳಗೇ ಒಣಗಿ, ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಡಲೊಡ ಎನ್ನಲು ಹಲವು ತಿಂಗಳು ಬೇಕು. ಗಂಟೆಗೊಮ್ಮೆ ಅಟ್ಟ ಹತ್ತಿ ಅಲುಗಿಸಿ ನೋಡಿದರೆ ಬೇಗ ಒಣಗುವುದಿಲ್ಲ, ಹತ್ತಿದವರ ಮಂಡಿ ನೋಯುತ್ತದೆ ಅಷ್ಟೇ. ಐದು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡುವುದೂ ಹೀಗೆಯೇ.

ತುರ್ತಿಗೆ ಗುಂಪಲ್ಲ, ಕರೆ

ಈಗ ಜೀವದ ಮಾತು. ಸಂದೇಶದ ಗುಂಪಿನ ಮೇಲೆ ಇಟ್ಟ ಅತಿ ನಂಬಿಕೆ ನಿದ್ದೆಗಿಂತ ದೊಡ್ಡದನ್ನು ಕಳೆಯಬಹುದು.

ತೋಟದಲ್ಲಿ ಗರಿ, ಮಟ್ಟೆಗಳ ರಾಶಿ ಎತ್ತುವಾಗ ಕೂಲಿಯಾಳಿಗೆ ಹಾವು ಕಚ್ಚಿತೆನ್ನಿ. ಪಕ್ಕದವರು ಹಾವಿನ ಫೋಟೋ ತೆಗೆದು ಬೆಳೆಗಾರರ ಗುಂಪಿಗೆ ಹಾಕಿ “ಇದು ಯಾವ ಹಾವು? ವಿಷದ್ದೇ?” ಎಂದು ಕೇಳುತ್ತಾರೆ. ಒಬ್ಬರು ಕೇರೆ ಎನ್ನುತ್ತಾರೆ, ಇನ್ನೊಬ್ಬರು ಕೊಳಕುಮಂಡಲ ಎನ್ನುತ್ತಾರೆ, ಮತ್ತೊಬ್ಬರು ನಾಟಿ ಔಷಧಿಯ ವಿಳಾಸ ಕೊಡುತ್ತಾರೆ. ಅರ್ಧ ಗಂಟೆ ಹೋಗಿರುತ್ತದೆ. ಹಾವು ಯಾವುದೆಂದು ತಿಳಿಯಲು ಕಾಯಬೇಕಾಗಿಯೇ ಇಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ. ಕಚ್ಚಿದ ಭಾಗವನ್ನು ಅಲುಗಿಸದೆ, ಉಂಗುರ, ಬಳೆ ತೆಗೆದು, ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಇದು ಅಷ್ಟು ಗಂಭೀರವಾದ ವಿಷಯ.

ಮರದಿಂದ ಬಿದ್ದವರ ವಿಷಯದಲ್ಲೂ ಇದೇ ಮಾತು. ಗುಂಪಿಗೆ ಸುದ್ದಿ ಹಾಕುವ ಮೊದಲು 108ಕ್ಕೆ ಕರೆ ಹೋಗಲಿ. ಬಿದ್ದವರನ್ನು ಕೈಕಾಲು ಹಿಡಿದು ಮಡಚಿ ಎತ್ತಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಕುತ್ತಿಗೆ ಅಲುಗಿದ ಮಾತ್ರಕ್ಕೆ ಜೀವನಪರ್ಯಂತ ಕೈಕಾಲು ಬೀಳಬಹುದು. ಆಂಬುಲೆನ್ಸ್ ಬರುವ ತನಕ ತಲೆ, ಕುತ್ತಿಗೆ ನೇರವಾಗಿರುವಂತೆ ಹಿಡಿದಿರಿ.

ಗುಂಪನ್ನು ನಡೆಸುವವರು ಒಂದು ನಿಯಮ ಮಾಡಿಕೊಳ್ಳಿ. ತುರ್ತು ಎಂದರೆ ಕರೆ, ಉಳಿದದ್ದಕ್ಕೆ ಸಂದೇಶ. ಹೀಗೆ ಮಾಡಿಕೊಂಡರೆ ಎರಡು ಲಾಭ. ತುರ್ತು ಸುದ್ದಿ ಹೂವಿನ ಚಿತ್ರಗಳ ನಡುವೆ ಹೂತುಹೋಗುವುದಿಲ್ಲ. ಕರೆ ಬಂದಿಲ್ಲವೆಂದರೆ ತುರ್ತಿಲ್ಲ ಎಂದು ಎಲ್ಲರೂ ನೆಮ್ಮದಿಯಿಂದ ಮಲಗಬಹುದು. 108, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಯ ದೂರವಾಣಿ ಸಂಖ್ಯೆಗಳನ್ನು ಗುಂಪಿನ ವಿವರಣೆಯ ಜಾಗದಲ್ಲಿ ಬರೆದಿಡಿ.

ಇನ್ನೊಂದು ಎಚ್ಚರಿಕೆ. ರೋಗಿಯ ಹೆಸರು, ರಕ್ತಪರೀಕ್ಷೆಯ ವರದಿ, ಗಾಯದ ಫೋಟೋಗಳನ್ನು ಗುಂಪಿನಲ್ಲಿ ಹಾಕಬೇಡಿ. ಒಮ್ಮೆ ಹೋದದ್ದು ಹಿಂದಕ್ಕೆ ಬರುವುದಿಲ್ಲ. ಎಚ್‌ಐವಿ ಇರುವವರ ಗುಟ್ಟನ್ನು ಕಾಪಾಡಲು 2017ರ ಕಾಯ್ದೆಯೇ ಇದೆ. ಉಳಿದ ಕಾಯಿಲೆಯವರ ಮಾನವೂ ಮಾನವೇ.

ಮೇಲಧಿಕಾರಿಗಳಿಗೆ ಒಂದು ಮಾತು

ಗಂಟೆಯನ್ನು ನಿಲ್ಲಿಸುವ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಅಲ್ಲ. ಕಂಪನಿಯ ಹುಡುಗಿ ಮ್ಯೂಟ್ ಮಾಡಿಯಾಳು. ಗೌರವಧನದ ಮೇಲೆ ದುಡಿಯುವ ಕಾರ್ಯಕರ್ತೆ ಮೇಲಧಿಕಾರಿಯ ಗುಂಪನ್ನು ಮ್ಯೂಟ್ ಮಾಡಲು ಹೆದರುತ್ತಾಳೆ. ಅದಕ್ಕೇ ಈ ಔಷಧಿಯ ಅರ್ಧ ಭಾಗವನ್ನು ಮೇಲಿನವರು ತೆಗೆದುಕೊಳ್ಳಬೇಕು. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯದಲ್ಲಿ 2024ರಿಂದ ಕೆಲಸದ ವೇಳೆಯ ಆಚೆಗೆ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕನ್ನು ಕಾನೂನು ಮಾನ್ಯ ಮಾಡಿದೆ. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಸದಸ್ಯೆ ಸುಪ್ರಿಯಾ ಸುಳೆ ಇಂಥ ಖಾಸಗಿ ಮಸೂದೆ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ. ಕಾಯ್ದೆ ಬರುವ ತನಕ ಕಾಯಬೇಕಿಲ್ಲ. ಸಂಜೆಯ ನಂತರ ಗುಂಪಿಗೆ ಸಂದೇಶ ಹಾಕುವುದಿಲ್ಲವೆಂದು ಒಬ್ಬ ಮುಖ್ಯಶಿಕ್ಷಕ, ಒಬ್ಬ ಮೇಲ್ವಿಚಾರಕಿ, ಒಬ್ಬ ಶಾಖಾ ವ್ಯವಸ್ಥಾಪಕ ತೀರ್ಮಾನಿಸಿದರೆ ಅಷ್ಟು ಮನೆಗಳಿಗೆ ನಿದ್ದೆ ಸಿಗುತ್ತದೆ.

ಮನೆಯವರು ಏನು ಮಾಡಬಹುದು?

“ಯಾವಾಗ ನೋಡಿದರೂ ಫೋನು” ಎಂದು ಬಯ್ಯುವುದರಿಂದ ಪ್ರಯೋಜನವಿಲ್ಲ. ಅದು ಆಟವೋ ಕೆಲಸವೋ ಎಂದು ಮೊದಲು ಕೇಳಿ. ಮನೆಯಲ್ಲಿದ್ದಾರೆಂದ ಮಾತ್ರಕ್ಕೆ ಬಿಡುವಾಗಿದ್ದಾರೆ ಎಂದುಕೊಳ್ಳಬೇಡಿ. ಕೆಲಸದ ಹೊತ್ತಿನಲ್ಲಿ ಅಂಗಡಿಗೆ, ತೋಟಕ್ಕೆ ಕಳಿಸಿದರೆ ಆ ಕೆಲಸ ರಾತ್ರಿಗೆ ಜಾರುತ್ತದೆ. ಕೂರಲು ಒಂದು ಮೂಲೆ, ಬೆನ್ನಿಗೆ ಆಸರೆಯಿರುವ ಕುರ್ಚಿ, ಕಣ್ಣಿನ ಮಟ್ಟಕ್ಕೆ ಪರದೆ ಬರುವಂತೆ ಮೇಜು ಮಾಡಿಕೊಡಿ. ರಾತ್ರಿ ಊಟಕ್ಕೆ ಎಲ್ಲರೂ, ಹಿರಿಯರೂ ಸೇರಿ, ಫೋನಿಲ್ಲದೆ ಕೂರಿ. ಸಂಜೆ ಅರ್ಧ ಗಂಟೆ ತೋಟದಲ್ಲಿ ನಡೆದಾಡುವುದು ಯಾವ ಮಾತ್ರೆಗೂ ಕಡಿಮೆಯಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು, ಎದೆ ಢವಢವ, ಕೆಲಸದ ಹೆಸರೆತ್ತಿದರೆ ನಡುಕ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಕಂಡರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡವೆಂಬ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಫೋನು, ಇಂಟರ್‌ನೆಟ್‌ಗಳ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ತೆರೆದಿದೆ. ಅಂಗಡಿಯಿಂದ ನೀವೇ ನಿದ್ದೆ ಮಾತ್ರೆ ತಂದು ನುಂಗಬೇಡಿ.

ಇನ್ನು ನಮ್ಮ ತುರುವೇಕೆರೆಯ ಹುಡುಗಿಯ ವಿಷಯ. ಮಾತ್ರೆ ಬರೆಯಲಿಲ್ಲ. ಮೇಲಿನ ಏಳನೆಯ ಪ್ರಶ್ನೆಯನ್ನು ತನ್ನ ತಂಡದ ನಾಯಕಿಗೆ ಕೇಳಿ ಬರಲು ಹೇಳಿದೆ. ಹದಿನೈದು ದಿನದ ಮೇಲೆ ತಾಯಿ ಮಗಳು ಬಂದರು. ರಾತ್ರಿಯ ಸಂದೇಶಗಳಲ್ಲಿ ಹೆಚ್ಚಿನವು ಅಮೆರಿಕದ ಸಹೋದ್ಯೋಗಿಗಳವು. ನಮಗೆ ರಾತ್ರಿ ಒಂಬತ್ತೂವರೆಯಾದರೆ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಹನ್ನೆರಡು. ಅವರು ತಮ್ಮ ಹಗಲಿನಲ್ಲಿ ಬರೆದು ಹೋಗುತ್ತಿದ್ದರು, ಅಷ್ಟೇ. “ರಾತ್ರಿಯೇ ಉತ್ತರ ಕೊಡು ಅಂತ ಯಾರೂ ಹೇಳಿರಲೇ ಇಲ್ಲವಂತೆ ಸಾರ್. ನಾನೇ ಅಂದುಕೊಂಡಿದ್ದೆ” ಎಂದು ನಾಚಿಕೊಂಡಳು.

ಆಕೆಯ ತಲೆನೋವು ಪೂರ್ತಿ ಹೋಗಿರಲಿಲ್ಲ, ಕಡಿಮೆಯಾಗಿತ್ತು. ನಿದ್ದೆ ಬರುತ್ತಿತ್ತು. ಫೋನು ಪಡಸಾಲೆಯ ಗೂಡಿನಲ್ಲಿ ಮಲಗುತ್ತಿದೆಯೆಂದು ತಾಯಿ ಹೇಳಿದರು. ಎಲ್ಲರ ಕಚೇರಿಯೂ ಇಷ್ಟು ಸುಲಭವಾಗಿ ಒಪ್ಪುವುದಿಲ್ಲ ಎಂಬುದು ನಿಜ. ಆದರೂ ಕೇಳಿ ನೋಡಬೇಕು. ಹೊಸ ಆ್ಯಪ್ ಹಾಕಿಕೊಂಡ ದಿನವೇ ಅದರ ಗಂಟೆ ಯಾವಾಗ ಬಾರಿಸಬೇಕೆಂದು ತೀರ್ಮಾನಿಸಿ. ಆ ತೀರ್ಮಾನವನ್ನು ನೀವು ಮಾಡದಿದ್ದರೆ ಫೋನೇ ಮಾಡುತ್ತದೆ.